ಹಿಮಕ್ಕೂ ಒಂದಿಷ್ಟು ನೀಲಿ ಹಾಕಿ

ಪ್ರಶ್ನೆ: ನಾನು ದಾವಣಗೆರೆಯವಳು. ಎರಡು ವರ್ಷದಿಂದ ಟೊರಾಂಟೊದಲ್ಲಿದ್ದೇನೆ. ಊರಲ್ಲಿ ಕೆರೆ ಏರಿ ಮೇಲೆ ಕೂತು ವಾಟರ್ ಕಲರ್ ಮಾಡುತ್ತಿದ್ದೆ. ಇಲ್ಲಿ ಜನವರಿಯಲ್ಲಿ ಪಾರ್ಕಿಗೆ ಹೋಗಿ ಕೂತರೆ ಬಣ್ಣ ಹಾಳೆಯ ಮೇಲೇ ಹೆಪ್ಪುಗಟ್ಟಿತು. ಮನೆಗೆ ತಂದ ಮೇಲೆ ಕರಗಿ ಹರಿದುಹೋಯಿತು. ಹಿಮವಂತೂ ಬೂದಿ ಸುರಿದ ಹಾಗೆ ಕಾಣುತ್ತಿತ್ತು. ಏನು ತಪ್ಪು ಮಾಡಿದೆ?

ಉತ್ತರ: ಮೊದಲು ಬೂದಿಯ ವಿಷಯ. ನೆರಳಿಗೆ ಕಪ್ಪು ಬೆರೆಸಿದ್ದೀರಿ, ಅಲ್ವಾ? ಬಿಳಿ ಪಂಚೆ ಇನ್ನೂ ಬೆಳ್ಳಗೆ ಕಾಣಲಿ ಅಂತ ನಮ್ಮಲ್ಲಿ ಕೊನೆಯ ಬಾರಿ ಜಾಲಿಸುವಾಗ ನೀಲಿ ಹಾಕುತ್ತಾರೆ. ಹಿಮಕ್ಕೂ ಅದೇ ಉಪಾಯ. ಬಿಸಿಲು ನೇರ ಬೀಳದ ಜಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ. ಹಾಗಾಗಿ ಹಿಮದ ನೆರಳು ನಿಜವಾಗಿಯೂ ನೀಲಿ. ಚಿತ್ರಕಾರ ಕ್ಲೋದ್ ಮೊನೆ 1868–69ರ ಚಳಿಗಾಲದಲ್ಲಿ ಫ್ರಾನ್ಸಿನ ಎತ್ರೆತಾ ಹತ್ತಿರ ಬರೆದ ಮ್ಯಾಗ್‌ಪೈ ಚಿತ್ರ ನೋಡಿ. ಗೇಟಿನ ಮೇಲೆ ಒಂದು ಹಕ್ಕಿ, ಕೆಳಗೆ ಬೇಲಿಯ ನೀಲಿ ನೆರಳು. ಪ್ಯಾರಿಸ್ಸಿನ ಪ್ರದರ್ಶನಕ್ಕೆ ಕಳಿಸಿದಾಗ ತೀರ್ಪುಗಾರರು ಬೇಡ ಅಂದಿದ್ದರು!

ಬಿಸಿಲು ಬಿದ್ದ ಹಿಮಕ್ಕೆ ಏನೂ ಬಳಿಯಬೇಡಿ, ಹಾಳೆಯ ಬಿಳಿ ಸಾಕು. ತೆಳು ಅಲ್ಟ್ರಾಮರೀನ್ ನೀಲಿಯಲ್ಲಿ ನೆರಳನ್ನು ಮಾತ್ರ ಎಳೆಯಿರಿ. ಅದನ್ನೇ ಮೊದಲು ಮಾಡಿ, ಯಾಕಂದ್ರೆ ನೆರಳು ನಿಮಗಾಗಿ ಕಾಯುವುದಿಲ್ಲ. ಡಿಸೆಂಬರ್ ಕೊನೆಗೆ ನಿಮ್ಮಲ್ಲಿ ನಡುಮಧ್ಯಾಹ್ನವೂ ನೆರಳು ಮರದ ಎರಡು ಪಟ್ಟಿಗಿಂತ ಉದ್ದ. ಅರ್ಧ ಗಂಟೆಯಲ್ಲಿ ಎಲ್ಲಿಂದೆಲ್ಲಿಗೋ ಸರಿದಿರುತ್ತದೆ. ಮೋಡ ಮುಚ್ಚಿದ ದಿನ ಈ ಆಟ ನಡೆಯಲ್ಲ. ಆಗ ಅಲ್ಟ್ರಾಮರೀನ್‌ಗೆ ಚೂರು ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ. ಕಪ್ಪಿನ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಹೆಪ್ಪುಗಟ್ಟುವುದು. ಮನಾಲಿಯಲ್ಲಿ ನನಗೂ ಹೀಗೇ ಆಗಿತ್ತು. ಆಕಾಶದ ಜಾಗದಲ್ಲೆಲ್ಲ ಜರಿಗಿಡದ ಎಲೆಯಂಥ ಗೆರೆ ಮೂಡಿ ಎಷ್ಟು ಚೆನ್ನಾಗಿತ್ತೆಂದರೆ, ಖುಷಿಯಲ್ಲಿ ಓಡಿ ರೂಮಿನ ಹೀಟರ್ ಪಕ್ಕ ಒರಗಿಸಿಟ್ಟೆ. ಐದೇ ನಿಮಿಷಕ್ಕೆ ಆಕಾಶ ಇಳಿದು ಬೆಟ್ಟದ ಬುಡಕ್ಕೆ ಬಂದಿತ್ತು. ಹಾಳೆಯನ್ನು ತಟ್ಟೆಯಂತೆ ಅಡ್ಡ ಹಿಡಿದೇ ತನ್ನಿ, ಅಡ್ಡವೇ ಒಣಗಲು ಬಿಡಿ. ನೀರಿಗೆ ಅರ್ಧಕ್ಕರ್ಧ ವೋಡ್ಕಾ ಬೆರೆಸಿದರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನವರೆಗೂ ಕೆಲಸ ನಡೆಯುತ್ತದೆ. ಮನೆಯಲ್ಲೇ ಸಣ್ಣ ಡಬ್ಬಿಗೆ ಬೆರೆಸಿಕೊಳ್ಳಿ. ಪಾರ್ಕಿನಲ್ಲಿ ಬಾಟಲಿ ತೆರೆದು ಕೂತರೆ ನೋಡಿದವರು ಬೇರೆ ಏನೋ ಅಂದುಕೊಳ್ಳುತ್ತಾರೆ.

ಅದಕ್ಕೂ ಮೀರಿದ ಚಳಿಗೆ ಆಯಿಲ್ ಪೇಂಟ್ ವಾಸಿ. ಗಟ್ಟಿಯಾಗುತ್ತದೆ, ಆದರೆ ಎರಡು ಹನಿ ಅಗಸೆ ಎಣ್ಣೆಗೆ ಜಗ್ಗುತ್ತದೆ. ಅಕ್ರಿಲಿಕ್ ಮಾತ್ರ ಒಯ್ಯಬೇಡಿ. ಹತ್ತು ಡಿಗ್ರಿಗಿಂತ ಕೆಳಗೆ ಅದು ಸರಿಯಾಗಿ ಪದರ ಕಟ್ಟುವುದಿಲ್ಲ.

ಮತ್ತೆ, ನೀವು ಒಯ್ದ ಹಾಳೆ ದೊಡ್ಡದಿತ್ತೇನೋ. ಕೆನಡಾದ ಚಿತ್ರಕಾರ ಟಾಮ್ ಥಾಮ್ಸನ್ ಹೊರಗೆ ಕೂತು ಬರೆದದ್ದು ಹೆಚ್ಚಾಗಿ ಸುಮಾರು 21 x 26 ಸೆಂಟಿಮೀಟರಿನ ಪುಟ್ಟ ಹಲಗೆಗಳ ಮೇಲೆ. ನಿಮ್ಮೂರಿನ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲೇ ಅವು ಇವೆ. ಒಂದು ದಿನ ಹೋಗಿ ಹತ್ತಿರದಿಂದ ನೋಡಿ, ಬಿಳಿಯ ಜಾಗದಲ್ಲಿ ಎಷ್ಟು ಬಣ್ಣ ಇದೆ ಅಂತ ಎಣಿಸಿ. ಆಮೇಲೆ ಪಾರ್ಕಿಗೆ ಹೊರಡುವಾಗ ಒಂದು ರಟ್ಟಿನ ತುಂಡು ಇಟ್ಟುಕೊಳ್ಳಿ. ಚಿತ್ರಕ್ಕಲ್ಲ, ಕಾಲ ಕೆಳಗೆ ಹಾಕಿಕೊಳ್ಳಲು. ಕೈಗಿಂತ ಮೊದಲು ಸೋಲುವುದು ಪಾದ.