ಸಂಬಳ 21,000 ದಾಟಿದರೂ ಇಎಸ್‌ಐ ಕಡಿತ ಯಾಕೆ?

ಪ್ರಶ್ನೆ: ಜೂನ್‌ನಲ್ಲಿ ನನ್ನ ಸಂಬಳ 20,500ರಿಂದ 23,000 ರೂಪಾಯಿ ಆಯಿತು. ಇಎಸ್‌ಐಗೆ (ನೌಕರರ ರಾಜ್ಯ ವಿಮೆ, ಅಂದರೆ ನೌಕರರಿಗೆ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆ) ಸಂಬಳದ ಮಿತಿ 21,000 ಅಲ್ವಾ? ಆದರೂ ಪೇ ಸ್ಲಿಪ್‌ನಲ್ಲಿ 154 ಇದ್ದ ಕಡಿತ 173 ಆಗಿದೆ. ಇದು ಸರಿಯೇ?

ಉತ್ತರ: ಸರಿಯಾಗಿಯೇ ಇದೆ, ಗಾಬರಿ ಬೇಡ. ಇಎಸ್‌ಐ ಲೆಕ್ಕ ನಡೆಯುವುದು ಆರಾರು ತಿಂಗಳ ಅವಧಿಯಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಆಮೇಲೆ ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲಿ ನೀವು ಮಿತಿಯೊಳಗೆ ಇದ್ದಿರಿ, ಹಾಗಾಗಿ ನಡುವೆ ಸಂಬಳ ಏರಿದರೂ ಸೆಪ್ಟೆಂಬರ್ ಮುಗಿಯುವ ತನಕ ಹೊಸ ಸಂಬಳದ ಪೂರ್ತಿ ಮೊತ್ತಕ್ಕೆ ಶೇ 0.75 ಹಿಡಿಯಲೇಬೇಕು, ಕಂಪನಿಯೂ ತನ್ನ ಪಾಲು ಶೇ 3.25 ಕಟ್ಟಬೇಕು. ಅಕ್ಟೋಬರ್‌ನಿಂದ ಕಡಿತ ನಿಲ್ಲುತ್ತದೆ. ಈ ದುಡ್ಡು ಸುಮ್ನೆ ಹೋಗುವುದಿಲ್ಲ, ಇದರ ಲೆಕ್ಕದಲ್ಲೇ ಮುಂದಿನ ಜನವರಿಯಿಂದ ಜೂನ್‌ವರೆಗೆ ನಿಮಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಜೋಪಾನವಾಗಿ ಇಟ್ಟುಕೊಳ್ಳಿ. ಆ ಜೂನ್ ಮುಗಿಯುವ ಮುಂಚೆ ಬೇರೆ ಆರೋಗ್ಯ ವಿಮೆ ಮಾಡಿಸಿಬಿಡಿ.