ಒಡಹುಟ್ಟಿದ ಬೆಕ್ಕೇ ಹಗೆಯಾಯಿತೇ?

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಕೆಂಪಿ, ಗೌರಿ ಎಂಬ ಎರಡು ಹೆಣ್ಣು ಬೆಕ್ಕುಗಳಿವೆ. ಒಂದೇ ಸೂಲಿನವು. ಮಗ್ಗದ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡೇ ಮಲಗುತ್ತಿದ್ದವು. ಮೊನ್ನೆ ಕೆಂಪಿಯನ್ನು ಬಾಗಲಕೋಟೆಗೆ ಕರೆದೊಯ್ದು, ಮರಿಯಾಗದಂತೆ ಆಪರೇಷನ್ ಮಾಡಿಸಿ ತಂದೆವು. ಬುಟ್ಟಿ ತೆರೆದದ್ದೇ ತಡ, ಗೌರಿ ಬಾಲ ಉಬ್ಬಿಸಿ ಬುಸುಗುಟ್ಟುತ್ತಾ ಅವಳ ಮೇಲೆ ಎರಗಿದಳು. ಕೆಂಪಿ ಈಗ ಕಪಾಟಿನ ಕೆಳಗಿಂದ ಹೊರಬರುತ್ತಿಲ್ಲ. ಏನೋ ಸೋಂಕು ತಂದಿದ್ದಾಳೆಂದು ಅತ್ತೆಯವರು ಮನೆಯೆಲ್ಲ ಫಿನೈಲ್ ಹಾಕಿ ಒರೆಸಿದರು. ಗೌರಿಯನ್ನು ದೂರ ಬಿಟ್ಟುಬರೋಣ ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಓದುಗರು, ಗುಳೇದಗುಡ್ಡ

ಉತ್ತರ: ತಂಗಿ, ಗೌರಿಯನ್ನು ಎಲ್ಲಿಯೂ ಬಿಡಬೇಡಿ. ಅವಳಿಗೆ ಬಂದಿರುವುದು ಸಿಟ್ಟಿಗಿಂತ ಹೆಚ್ಚಾಗಿ ಭಯ. ಬೆಕ್ಕು ತನ್ನವರನ್ನು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಒಟ್ಟಿಗೆ ಮಲಗಿ, ಕೆನ್ನೆಗೆ ಕೆನ್ನೆ ತಿಕ್ಕಿ, ಒಂದನ್ನೊಂದು ನೆಕ್ಕಿ, ಅವೆರಡಕ್ಕೂ ಒಂದೇ ವಾಸನೆ ಕೂಡಿಬಂದಿತ್ತು. ದವಾಖಾನೆಯಿಂದ ಮರಳಿದ ಕೆಂಪಿಯ ಮೈಯಲ್ಲಿ ಸ್ಪಿರಿಟ್ಟು, ಔಷಧ, ಬೇರೆ ಪ್ರಾಣಿಗಳ ವಾಸನೆ. ಜೊತೆಗೆ ಅರಿವಳಿಕೆ ಪೂರ್ತಿ ಇಳಿಯದೆ ನಡಿಗೆಯೂ ತೂರಾಡುತ್ತಿರುತ್ತದೆ. ಗೌರಿಯ ಪಾಲಿಗೆ ಅಕ್ಕನ ರೂಪದಲ್ಲಿ ಯಾರೋ ಅಪರಿಚಿತರು ಮನೆ ಹೊಕ್ಕಂತಾಯಿತು. ನಿಮ್ಮೂರಿನ ಕುರಿಗಾರರನ್ನು ಕೇಳಿ ನೋಡಿ. ತಾಯಿ ಕುರಿ ಮೂಸಿ ನೋಡಿಯೇ ಮರಿಗೆ ಮೊಲೆ ಕೊಡುತ್ತದೆ, ವಾಸನೆ ಬೇರೆಯಾದರೆ ಗುದ್ದಿ ಅಟ್ಟುತ್ತದೆ.

ಅತ್ತೆಯವರಿಗೂ ಸಮಾಧಾನವಾಗಿ ತಿಳಿಸಿ, ಫಿನೈಲ್ ಇಂದೇ ನಿಲ್ಲಲಿ. ಅದು ನೆಲ ಗೋಡೆಗೆ ಅಂಟಿದ್ದ ಮನೆಯ ವಾಸನೆಯನ್ನೂ ಅಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಾದಕ್ಕೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದು ಅವಕ್ಕೆ ವಿಷ. ಸದ್ಯಕ್ಕೆ ಬರೀ ನೀರಿನಲ್ಲಿ ಒರೆಸಿದರೆ ಸಾಕು.

ಈಗ ಕೆಂಪಿಗೆ ಒಂದು ಪ್ರತ್ಯೇಕ ಕೋಣೆ ಕೊಡಿ. ತಗಡಿನ ಚಾವಣಿಯ ಕೋಣೆ ಬೇಡ, ನಮ್ಮ ಕಡೆಯ ಬಿಸಿಲಿಗೆ ಅದು ಒಲೆಯಾಗುತ್ತದೆ. ನೀರು, ಊಟ, ಉಸುಕಿನ ಬುಟ್ಟಿ, ಅವಳ ಹಳೆಯ ಹಾಸಿಗೆ ಒಳಗಿರಲಿ. ಗೌರಿಗೆ ಉಳಿದ ಮನೆ. ಒಂದೆರಡು ದಿನ ಪರಸ್ಪರ ಮುಖ ತೋರಿಸಬೇಡಿ. ‘ಜಗಳವಾಡಿ ತಾವೇ ಸರಿಯಾಗುತ್ತವೆ’ ಎನ್ನುವವರ ಮಾತು ಕೇಳಬೇಡಿ. ಒಂದು ದೊಡ್ಡ ಕಚ್ಚಾಟವಾದರೆ ಆ ಭಯ ತಿಂಗಳುಗಟ್ಟಲೆ ಉಳಿಯುತ್ತದೆ, ಹೊಲಿಗೆಯೂ ಬಿಚ್ಚೀತು.

ಕೆಲಸ ಮಾಡುವುದು ಬಟ್ಟೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಯ ತುಂಡು ನಿಮ್ಮಲ್ಲಿ ಇದ್ದೇ ಇರುತ್ತದೆ. ಅದನ್ನು ಅಂಗೈಯಷ್ಟು ಮಡಚಿ, ಗೌರಿ ಆರಾಮವಾಗಿ ಕುಳಿತಿರುವಾಗ ಬಾಯಿಯ ಮೂಲೆಯಿಂದ ಕಿವಿಯ ಕಡೆಗೆ ಕೆನ್ನೆಯ ಮೇಲೆ ಮೆಲ್ಲಗೆ ಎಳೆಯಿರಿ. ಗದ್ದದ ಕೆಳಗೆ, ಕಣ್ಣು ಕಿವಿಗಳ ನಡುವೆ ಕೂದಲು ವಿರಳವಾಗಿರುವಲ್ಲಿ ಕೂಡ. ವಾಸನೆಯ ಗ್ರಂಥಿಗಳು ಇರುವುದು ಅಲ್ಲಿಯೇ. ಆ ಬಟ್ಟೆಯನ್ನು ಕೆಂಪಿಯ ಊಟದ ತಟ್ಟೆಯ ಬಳಿ ಹಾಸಿ. ಅವಳು ಒಪ್ಪಿದರೆ ಅದರಿಂದಲೇ ಬೆನ್ನು ಸವರಿ, ಹೊಲಿಗೆಯ ಹತ್ತಿರ ಮಾತ್ರ ಬೇಡ. ಇನ್ನೊಂದು ತುಂಡಿನಿಂದ ಕೆಂಪಿಯ ಕೆನ್ನೆ ಸವರಿ ಗೌರಿಯ ಬಳಿ ಇಡಿ. ದಿನಕ್ಕೆ ಎರಡು ಮೂರು ಬಾರಿ ಹೀಗೆ ಮಾಡಿ. ಬಟ್ಟೆ ಕಂಡರೆ ಬುಸುಗುಟ್ಟುವುದು ನಿಂತು, ಅದರ ಮೇಲೆಯೇ ಮಲಗಿದರೆ ಅರ್ಧ ರಾಜಿಯಾದಂತೆ. ಇಬ್ಬರಿಗೂ ಒಂದೇ ಪೌಡರ್ ಹಚ್ಚುವ ಉಪಾಯ ನನಗೆ ಒಪ್ಪಿಗೆಯಿಲ್ಲ, ನೆಕ್ಕಿದಾಗ ಅದು ಹೊಟ್ಟೆಗೆ ಹೋಗುತ್ತದೆ.

ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಇಡಿ, ದಿನದಿನಕ್ಕೆ ತಟ್ಟೆಗಳನ್ನು ಬಾಗಿಲಿಗೆ ಹತ್ತಿರ ತನ್ನಿ. ನೆಮ್ಮದಿಯಿಂದ ಉಂಡರೆ ನಾಲ್ಕು ಬೆರಳು ಬಾಗಿಲು ತೆರೆದು ನೋಡಿ. ಕಿವಿ ಹಿಂದಕ್ಕೆ ಒರಗಿ, ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ಮುಚ್ಚಿಬಿಡಿ, ಮರುದಿನಕ್ಕಿರಲಿ. ಕೆಲವು ಮನೆಗಳಲ್ಲಿ ಎರಡೇ ದಿನಕ್ಕೆ ಸರಿಹೋಗುತ್ತದೆ, ಕೆಲವೆಡೆ ವಾರಗಳು ಹಿಡಿಯುತ್ತವೆ. ಹೊಡೆದಾಟಕ್ಕೆ ಬಿದ್ದರೆ ಕೈ ಹಾಕಬೇಡಿ, ನಡುವೆ ದಿಂಬನ್ನೋ ರಟ್ಟನ್ನೋ ತೂರಿಸಿ. ಗೌರಿಯನ್ನು ಬೈದು ಹೊಡೆದರೆ ಆ ಪೆಟ್ಟಿಗೂ ಕೆಂಪಿಯೇ ಕಾರಣ ಎಂದುಕೊಳ್ಳುತ್ತಾಳೆ.

ಕೆಂಪಿಯ ಬಗ್ಗೆ ಒಂದು ಮಾತು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಗಾಯ ಊದಿದರೆ ಅಥವಾ ಕೀವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಹೊಲಿಗೆ ಮಾಯಲು 10ರಿಂದ 14 ದಿನ ಬೇಕು, ಅಲ್ಲಿಯವರೆಗೆ ಸ್ನಾನವೂ ಬೇಡ.

ಗೌರಿಗೂ ಆಪರೇಷನ್ ಮಾಡಿಸುವವರಿದ್ದರೆ ಇಬ್ಬರೂ ಕೂಡಿ ಮಲಗಿದ ಬಟ್ಟೆಯನ್ನೇ ಅವಳ ಬುಟ್ಟಿಗೆ ಹಾಸಿ, ಅವಳು ಮರಳುವ ಮೊದಲೇ ಕೋಣೆ ಸಜ್ಜಾಗಿರಲಿ.