ಒಡವೆ ತೊಟ್ಟ ಮಾಡೆಲ್ ಫೋಟೊದಲ್ಲಿ ಚಿನ್ನ ಪ್ಲಾಸ್ಟಿಕ್‌ನಂತೆ ಯಾಕೆ ಕಾಣುತ್ತದೆ?

ನೀವು ಉಡುಪಿಯಲ್ಲಿ ಮದುವೆ ಫೋಟೊ ತೆಗೆಯುವವರು. ಈಗ ಚಿನ್ನದ ಅಂಗಡಿಯೊಂದಕ್ಕೆ ಮಾಡೆಲ್ ಫೋಟೊ ಮಾಡಿಕೊಡುವ ಕೆಲಸ ಸಿಕ್ಕಿದೆ. ಆದರೆ ಚಿನ್ನ ಹಳದಿ ಪ್ಲಾಸ್ಟಿಕ್ ಥರ ಬರುತ್ತಿದೆ, ಮುಖ ನುಣುಪು ಮಾಡಿದರೆ ಗೊಂಬೆಯಾಗುತ್ತಿದೆ, ಎಷ್ಟು ತಿದ್ದಿದರೂ ಒಡವೆ ಮೇಲೆ ಅಂಟಿಸಿದ ಹಾಗಿದೆ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ನೀವು ಹೇಳಿದ ಮೂರೂ ತೊಂದರೆ ನನಗೂ ಆಗಿತ್ತು.

ನೀವು ಮುಖಕ್ಕೆ ಲೈಟ್ ಇಡುತ್ತಿದ್ದೀರಿ, ಒಡವೆಗೆ ಇಡುತ್ತಿಲ್ಲ. ಮದುವೆ ಫೋಟೊದ ಅಭ್ಯಾಸ ಇದ್ದವರೆಲ್ಲ ಮೊದಲು ಮಾಡುವುದು ಹೀಗೇ. ಮುಖದ ಚರ್ಮ ಬಿದ್ದ ಬೆಳಕನ್ನು ಎಲ್ಲ ಕಡೆ ಹರಡುತ್ತದೆ. ಉಜ್ಜಿದ ಚಿನ್ನ ಹಾಗಲ್ಲ, ಅದು ಕನ್ನಡಿ. ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಬಳೆಯಲ್ಲಿ ನಿಮ್ಮ ಬಿಳಿ ಅಂಗಿ ಕಾಣುತ್ತದೆ, ಸರದಲ್ಲಿ ಸೀರೆಯ ಕೆಂಪು ಕಾಣುತ್ತದೆ. ಶೂಟ್ ದಿನ ಕಪ್ಪು ಅಂಗಿ ಹಾಕಿಕೊಳ್ಳಿ. ಇದು ಸಣ್ಣ ಮಾತಲ್ಲ.

ನಮ್ಮ ಕಡೆ ಇನ್ನೂ ಒಂದು ವಿಷಯ ಇದೆ. ಹಳೆ ಹಂಚಿನ ಮನೆಯ ಚಾವಡಿ ಫೋಟೊಗೆ ಬಹಳ ಚಂದ. ಇಳಿಜಾರು ಮಾಡಿನ ಕೆಳಗೆ ಮೆತ್ತಗಿನ ಬೆಳಕು ಬರುತ್ತದೆ, ಸಾವಿರಾರು ರೂಪಾಯಿಯ ಸಾಫ್ಟ್‌ಬಾಕ್ಸ್ ಕೊಡದಷ್ಟು ಒಳ್ಳೆಯ ಬೆಳಕು. ಆದರೆ ನೆಲ ನೋಡಿ. ರೆಡ್ ಆಕ್ಸೈಡ್ ನೆಲ. ಅಂಗಳಕ್ಕೆ ಇಳಿದರೆ ಮುರಕಲ್ಲಿನ ಕೆಂಪು ಮಣ್ಣು. ಪಕ್ಕದಲ್ಲಿ ಅಡಿಕೆ ತೋಟದ ಹಸಿರು. ಕೆಂಪು ಕೆಳಗಿನಿಂದ ಬಂದು ಗಲ್ಲದ ಅಡಿಗೂ ಜುಮುಕಿಯ ಅಡಿಗೂ ಕೂರುತ್ತದೆ. ಹಸಿರು ಪಕ್ಕದಿಂದ ಬಂದು ಕೆನ್ನೆಗೆ ತಾಗುತ್ತದೆ. ವೈಟ್ ಬ್ಯಾಲೆನ್ಸ್ (ಇಡೀ ಫೋಟೊದ ಬಣ್ಣವನ್ನು ಒಟ್ಟಿಗೆ ತಿದ್ದುವ ಸೆಟ್ಟಿಂಗ್) ಬದಲಾಯಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ, ಯಾಕೆಂದರೆ ಒಂದೇ ಫೋಟೊದಲ್ಲಿ ಎರಡು ಮೂರು ಬಣ್ಣದ ಬೆಳಕು ಇರುತ್ತದೆ. ನಾನು ಮಾಡೆಲ್ ಕಾಲ ಬುಡದಲ್ಲಿ ಒಂದು ಬಿಳಿ ಪಂಚೆ ಹಾಸುತ್ತೇನೆ, ತೋಟದ ಕಡೆಗೆ ಇನ್ನೊಂದನ್ನು ಕಟ್ಟುತ್ತೇನೆ. ಅಷ್ಟಕ್ಕೇ ಚಿನ್ನ ಚಿನ್ನದಂತೆ ಕಾಣಲು ಶುರುವಾಗುತ್ತದೆ.

ಆದರೆ ಸುತ್ತಲೂ ಬಿಳಿ ಮಾಡಿಬಿಟ್ಟರೆ ಚಿನ್ನ ಸಪ್ಪೆಯಾಗುತ್ತದೆ. ಅಂಚು ಕಾಣಬೇಕಾದರೆ ಅದಕ್ಕೆ ಸ್ವಲ್ಪ ಕಪ್ಪನ್ನೂ ತೋರಿಸಬೇಕು. ಸ್ಟೇಷನರಿ ಅಂಗಡಿಯ ಕಪ್ಪು ಚಾರ್ಟ್ ಪೇಪರ್ ಸಾಕು. ಅದನ್ನು ಫ್ರೇಮಿನ ಹೊರಗೆ, ಸರದ ಪಕ್ಕಕ್ಕೆ ಹಿಡಿದು ಮೆಲ್ಲಗೆ ತಿರುಗಿಸುತ್ತಾ ನೋಡಿ. ಒಂದು ಕೋನದಲ್ಲಿ ಸರದ ಪ್ರತಿ ಗುಂಡಿಗೂ ಒಂದು ಕಪ್ಪು ಗೆರೆ ಬರುತ್ತದೆ, ಸರ ಒಮ್ಮೆಗೇ ಉಬ್ಬಿ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಕ್ಷಣ ಅದು.

ವಜ್ರಕ್ಕೆ ಇದು ನಡೆಯುವುದಿಲ್ಲ. ಮೆತ್ತಗಿನ ದೊಡ್ಡ ಬೆಳಕಿನಲ್ಲಿ ವಜ್ರದ ಮೂಗುತಿ ಗಾಜಿನ ಚೂರಾಗುತ್ತದೆ. ಅದಕ್ಕೆ ಒಂದು ಸಣ್ಣ ಚೂಪು ಬೆಳಕು ಬೇರೆಯೇ ಬೇಕು. ಮುತ್ತಿಗೆ ಮೆತ್ತಗಿನ ಬೆಳಕೇ ಸರಿ, ಆದರೆ ಪ್ರತಿ ಮುತ್ತಿನ ಮೇಲೂ ಒಂದು ಸಣ್ಣ ಬಿಳಿ ಚುಕ್ಕೆ ಉಳಿಯಬೇಕು. ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ಚಿನ್ನದ ಪ್ರತಿಬಿಂಬ ತೆಗೆಯಲು ನೋಡಬೇಡಿ. ಅದು ಚರ್ಮದ ಜಿಡ್ಡಿನ ಹೊಳಪನ್ನು ತಗ್ಗಿಸುತ್ತದೆ, ಲೋಹದ ಪ್ರತಿಬಿಂಬ ಹಾಗೇ ಇರುತ್ತದೆ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಮೊದಲ ಫ್ರೇಮಿನಲ್ಲಿ ಬಣ್ಣ ಸರಿ ನೋಡಲು ಗ್ರೇ ಕಾರ್ಡ್ ಎಂಬ ಬೂದು ಹಾಳೆ. ಮದುವೆಯಲ್ಲಿ ತೆಗೆಯುವ ಹಾಗೆ ಎಫ್ 2 ರಲ್ಲಿ, ಅಂದರೆ ಲೆನ್ಸ್ ಅಗಲ ತೆರೆದು, ತೆಗೆಯಬೇಡಿ. ಫುಲ್ ಫ್ರೇಮ್ ಕ್ಯಾಮೆರಾ, 85 ಎಂಎಂ ಲೆನ್ಸ್, ಒಂದು ಮೀಟರ್ ದೂರ ಎಂದಿಟ್ಟುಕೊಳ್ಳಿ. ಎಫ್ 2 ರಲ್ಲಿ ಫೋಕಸ್ ಆಗುವ ಆಳ ಸುಮಾರು ಒಂದೂವರೆ ಸೆಂಟಿಮೀಟರ್ ಅಷ್ಟೇ. ಕಣ್ಣು ಸಿಕ್ಕಿದರೆ ಜುಮುಕಿ ಹೋಯಿತು. ಎಫ್ 8 ರಲ್ಲಿ ಆರೇಳು ಸೆಂಟಿಮೀಟರ್ ಸಿಗುತ್ತದೆ.

ಈಗ ಆ ಪ್ಲಾಸ್ಟಿಕ್ ವಿಷಯ. ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣದ ಚಾನೆಲ್ ಇರುತ್ತದೆ, ಚಿನ್ನದಲ್ಲಿ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬಿ ಹೋಗುತ್ತದೆ. ಬಿಳಿ ಹಿಸ್ಟೋಗ್ರಾಮ್ (ಫೋಟೊದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಎಂದು ತೋರಿಸುವ ನಕ್ಷೆ) ಮಾತ್ರ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದು ನೋಡಿ, ಕೆಂಪು ಬಲಗಡೆ ಗೋಡೆಗೆ ಒತ್ತಿಕೊಂಡಿರುತ್ತದೆ. ಆ ಜಾಗದಲ್ಲಿ ಚಿನ್ನದ ಏರಿಳಿತ ಅಳಿಸಿ ಬರೀ ಹಳದಿ ಪಟ್ಟಿ ಉಳಿಯುತ್ತದೆ. ಅದರ ಮೇಲೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ಪೂರ್ತಿ ಪ್ಲಾಸ್ಟಿಕ್. ಹಾಗಾಗಿ ಸ್ವಲ್ಪ ಕತ್ತಲಾಗಿಯೇ ತೆಗೆಯಿರಿ. ಮುಡಿಯಲ್ಲಿ ಶಂಕರಪುರ ಮಲ್ಲಿಗೆ ಇದ್ದರೆ ಅದೇ ನಿಮ್ಮ ಅಳತೆಗೋಲು. ಹೂವಿನ ಎಸಳು ಒಂದೊಂದಾಗಿ ಕಾಣುತ್ತಿದೆ, ಬಿಳಿ ಬಿಳಿಯಾಗಿಯೇ ಇದೆ ಅಂದರೆ ಬೆಳಕೂ ಬಣ್ಣವೂ ಸರಿ ಇದೆ. ಮಲ್ಲಿಗೆ ಇರುವ ಫೋಟೊ ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಸೆಕೆಗೆ ಹೂ ಬಾಡುತ್ತದೆ, ಮಾಡೆಲ್ ಕೂಡ ಬೆವರುತ್ತಾರೆ. ಬೆವರನ್ನು ಟಿಶ್ಯೂ ಪೇಪರಿನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಡವೆಯನ್ನು ಕಾಟನ್ ಗ್ಲೌಸ್ ಹಾಕಿಕೊಂಡೇ ತೊಡಿಸಿ. ಒಂದು ಬೆರಳಚ್ಚು ತಿದ್ದಲು ಅರ್ಧ ಗಂಟೆ ಬೇಕಾಗುತ್ತದೆ.

ಫೋಟೊಶಾಪ್‌ನಲ್ಲಿ ತಿದ್ದುವಾಗ ನನ್ನ ಒಂದೇ ನಿಯಮ: ಚರ್ಮ ಬೇರೆ, ಚಿನ್ನ ಬೇರೆ. ಪೆನ್ ಟೂಲ್‌ನಲ್ಲಿ ಒಡವೆಯ ಸುತ್ತ ಗೆರೆ ಎಳೆದು ಮಾಸ್ಕ್ ಮಾಡಿಕೊಳ್ಳಿ, ಆಗ ಒಡವೆಯನ್ನು ಚರ್ಮಕ್ಕೆ ತಾಗದ ಹಾಗೆ ತಿದ್ದಬಹುದು. ಬೇಸರದ ಕೆಲಸ, ಒಂದು ಕಾಸಿನ ಸರಕ್ಕೆ ಒಂದು ಗಂಟೆ ಹಿಡಿಯಬಹುದು. ಆದರೂ ಮಾಡಿ. ಶಾರ್ಪ್ ಮಾಡುವುದು ಚಿನ್ನಕ್ಕೆ ಮಾತ್ರ. ಸೀರೆಯ ಕೆಂಪು ಬಿದ್ದ ಕಡೆ ಹೊಸ ಲೇಯರ್ ತೆರೆದು, ಅದನ್ನು ಕಲರ್ ಮೋಡ್‌ಗೆ (ಬಣ್ಣ ಮಾತ್ರ ಬದಲಾಗುತ್ತದೆ) ಹಾಕಿ, ಪಕ್ಕದ ಒಳ್ಳೆಯ ಚಿನ್ನದ ಬಣ್ಣವನ್ನೇ ತೆಗೆದು ತೆಳುವಾಗಿ ಹಚ್ಚಿ. ಚರ್ಮಕ್ಕೆ ಬ್ಲರ್ ಬೇಡವೇ ಬೇಡ. ಮೊಡವೆಯನ್ನು ಹೀಲಿಂಗ್ ಬ್ರಶ್‌ನಿಂದ ತೆಗೆಯಿರಿ. ಉಳಿದದ್ದಕ್ಕೆ ಡಾಡ್ಜ್ ಮತ್ತು ಬರ್ನ್ (ಬೇಕಾದ ಕಡೆ ತಿಳಿ ಮಾಡುವುದು, ಗಾಢ ಮಾಡುವುದು) ಸಾಕು: ಸಾಫ್ಟ್ ಲೈಟ್ ಮೋಡ್‌ನಲ್ಲಿ ಬೂದು ಲೇಯರ್, ಬ್ರಶ್ ಫ್ಲೋ ಎರಡು ಮೂರು ಶೇಕಡಾ. ಚರ್ಮದ ಸಣ್ಣ ರಂಧ್ರಗಳು ಹಾಗೇ ಇರುತ್ತವೆ, ಕಲೆಗಳು ಮಾತ್ರ ಸಮ ಆಗುತ್ತವೆ. ಹುಟ್ಟು ಮಚ್ಚೆ ತೆಗೆಯುವ ಮೊದಲು ಮಾಡೆಲ್ ಹತ್ತಿರ ಕೇಳಿ. ಅದು ಅವರ ಮುಖ, ಅಲ್ವಾ?

ಅಂಟಿಸಿದ ಹಾಗೆ ಕಾಣುವುದಕ್ಕೆ ಕಾರಣ ನೆರಳು. ಸರದ ಕೆಳಗೆ ಕುತ್ತಿಗೆ ಮೇಲೆ ಒಂದು ಸಣ್ಣ ಕಂದು ನೆರಳು ಇರುತ್ತದೆ. ಭಾರದ ಜುಮುಕಿ ಕಿವಿಯ ಹಾಲೆಯನ್ನು ತುಸು ಕೆಳಗೆ ಎಳೆದಿರುತ್ತದೆ. ಬಳೆ ಕೈ ಮೇಲೆ ತುಸು ಒತ್ತಿರುತ್ತದೆ. ಚರ್ಮ ಚೊಕ್ಕ ಮಾಡುವ ಭರದಲ್ಲಿ ನಾವು ಇವನ್ನೆಲ್ಲ ಅಳಿಸಿಬಿಡುತ್ತೇವೆ. ಒಡವೆಗೆ ತೂಕ ಇದೆ ಎಂದು ಕಣ್ಣಿಗೆ ಹೇಳುವುದೇ ಆ ನೆರಳು, ಆ ಒತ್ತು. ನಾನು ಈಗ ಆ ನೆರಳನ್ನು ಮುಟ್ಟುವುದಿಲ್ಲ. ಕೆಲವೊಮ್ಮೆ ಬರ್ನ್ ಬ್ರಶ್‌ನಿಂದ ಒಂದು ಎಳೆ ಗಾಢ ಮಾಡುತ್ತೇನೆ.

ಚಿನ್ನದ ಬಣ್ಣವನ್ನಂತೂ ನಿಮಗೆ ಚಂದ ಕಂಡ ಹಾಗೆ ಬದಲಾಯಿಸಬೇಡಿ. ನನ್ನ ಮೊದಲ ವರ್ಷ ಮುಖಕ್ಕೆ ಬೆಚ್ಚಗಿನ ಬಣ್ಣ ಬರಲಿ ಎಂದು ಇಡೀ ಫೋಟೊವನ್ನು ಕೆಂಪಿಗೆ ತಳ್ಳಿದ್ದೆ. ಅಂಗಡಿಯ ಹಿರಿಯರು ಒಂದು ನೋಟದಲ್ಲೇ ಹೇಳಿದರು, ಇದು ನಮ್ಮ ಚಿನ್ನ ಅಲ್ಲ ಅಂತ. ಅವರು ಹೇಳಿದ್ದು ಸರಿ ಇತ್ತು. 22 ಕ್ಯಾರೆಟ್‌ನಲ್ಲಿ ಶೇ. 91.6 ಚಿನ್ನ, ಅದಕ್ಕೇ 916 ಅನ್ನುವುದು. 18 ಕ್ಯಾರೆಟ್‌ನಲ್ಲಿ ಶೇ. 75 ಮಾತ್ರ. ಜೊತೆಗೆ ತಾಮ್ರ ಜಾಸ್ತಿ ಸೇರಿದರೆ ಕೆಂಪಗಾಗುತ್ತದೆ, ಬೆಳ್ಳಿ ಜಾಸ್ತಿಯಾದರೆ ಪೇಲವ ಆಗುತ್ತದೆ. ನಮ್ಮ ಊರಿನ ಅಮ್ಮಂದಿರು ಆ ವ್ಯತ್ಯಾಸವನ್ನು ಕಣ್ಣಲ್ಲೇ ಹಿಡಿಯುತ್ತಾರೆ. ಅಂಗಡಿಗೆ ಬಂದವರು ಫೋಟೊದ ಬಣ್ಣ ನೋಡಿ ಹಣ ಕೊಡುತ್ತಾರೆ. ಹಾಗಾಗಿ ಸಾಧ್ಯವಾದರೆ ಆ ಒಡವೆಯನ್ನೇ ಎದುರಿಗಿಟ್ಟುಕೊಂಡು, ಬಣ್ಣ ಸರಿಹೊಂದಿಸಿದ ಮಾನಿಟರ್‌ನಲ್ಲಿ ಹೋಲಿಸಿ. ಒಡವೆ ಮನೆಗೆ ತರಲು ಬಿಡುವುದಿಲ್ಲ ಎಂದಾದರೆ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಹೋಗಿ ಕೂತುಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಮುಂದಿನ ಸಲ ಇಡೀ ಸೆಟ್ ಬೇಡ. ಒಂದು ಜೊತೆ ಜುಮುಕಿ, ಒಂದು ಕಿಟಕಿ, ಒಂದು ಪಂಚೆ, ಒಂದು ಕಪ್ಪು ಚಾರ್ಟ್ ಇಟ್ಟುಕೊಂಡು ತೆಗೆಯಿರಿ. ತಿದ್ದದ ಫೈಲನ್ನೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.